ಪೇಪರಿಗೆ ಹೆಸರು ಕೊಟ್ಟ ಜೊಂಡು

ಬೆಳಗಾಗೆದ್ದು 'ಪೇಪರ್ ಬಂತೇ?' ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಪೇಪರ್ ಎಂಬ ಮಾತು ನಮಗೆ ಇಂಗ್ಲಿಷಿನಿಂದ ಬಂತು. ಇಂಗ್ಲಿಷಿಗೆ ಅದು ಫ್ರೆಂಚ್ ಮತ್ತು ಲ್ಯಾಟಿನ್ ಮೂಲಕ ಗ್ರೀಕ್ ಭಾಷೆಯ 'ಪಪೂರೋಸ್' ಎಂಬ ಶಬ್ದದಿಂದ ಬಂತು. ಗ್ರೀಕರು ಆ ಹೆಸರಿನಿಂದ ಕರೆದದ್ದು ಕಾಗದವನ್ನಲ್ಲ. ಈಜಿಪ್ಟಿನ ನೈಲ್ ನದಿಯ ಜೌಗಿನಲ್ಲಿ ಬೆಳೆಯುತ್ತಿದ್ದ ಒಂದು ಜೊಂಡನ್ನು. ಸೋಜಿಗವೆಂದರೆ, ನಾವು ಇಂದು ಬಳಸುವ ಕಾಗದಕ್ಕೂ ಆ ಜೊಂಡಿಗೂ ಯಾವ ರಕ್ತಸಂಬಂಧವೂ ಇಲ್ಲ. ನಾರನ್ನು ಕುಟ್ಟಿ, ನೀರಿನಲ್ಲಿ ಕದಡಿ, ಜರಡಿಯ ಮೇಲೆ ಸೋಸಿ ಹಾಳೆ ಮಾಡುವ ವಿದ್ಯೆ ಚೀನೀಯರದು. ನಮ್ಮ 'ಕಾಗದ' ಎಂಬ ಮಾತು ಕೂಡ ಪಾರಸಿಯದು. ಆದರೂ ಜೊಂಡಿನ ಹೆಸರು ಮಾತ್ರ ಕಾಗದಕ್ಕೆ ಅಂಟಿಕೊಂಡೇ ಉಳಿಯಿತು.

ಪೇಪರ್ ಒಂದೇ ಅಲ್ಲ. ಈ ಜೊಂಡಿನ ವ್ಯಾಪಾರ ನಡೆಯುತ್ತಿದ್ದ ಫಿನೀಷಿಯದ ಬಂದರು ಬಿಬ್ಲೋಸ್. ಆ ಊರ ಹೆಸರಿನಿಂದ ಗ್ರೀಕರಲ್ಲಿ ಪುಸ್ತಕಕ್ಕೆ 'ಬಿಬ್ಲಿಯೋನ್' ಎಂಬ ಹೆಸರಾಯಿತು, ಅದರಿಂದಲೇ 'ಬೈಬಲ್'. ಜೊಂಡಿನ ಹಾಳೆಗೆ ಗ್ರೀಕರು 'ಖಾರ್ಟೇಸ್' ಎನ್ನುತ್ತಿದ್ದರು. ಅದರಿಂದ 'ಕಾರ್ಡು', 'ಚಾರ್ಟು'. ಸುರುಳಿಯ ಮೊದಲನೆಯ ಹಾಳೆಗೆ 'ಪ್ರೊಟೊಕೊಲ್ಲೊನ್', ಅಂದರೆ ಮೊದಲು ಅಂಟಿಸಿದ್ದು ಎಂದು ಹೆಸರು. ಮಂತ್ರಿಗಳು ಜಿಲ್ಲೆಗೆ ಬಂದಾಗ ಅಧಿಕಾರಿಗಳು ಚಿಂತಿಸುವ 'ಪ್ರೊಟೊಕಾಲ್' ಆ ಅಂಟಿನಿಂದ ಹುಟ್ಟಿದ ಮಾತು! ಹೀಗೆ ಎಲ್ಲೋ ದೂರದ ಕೆಸರಿನಲ್ಲಿ ಬೆಳೆದ ಗಿಡವೊಂದು ನಮ್ಮ ದಿನಬಳಕೆಯ ಮಾತಿನಲ್ಲಿ ಸದ್ದಿಲ್ಲದೆ ಬೇರುಬಿಟ್ಟಿದೆ. ಆದರೆ ತನ್ನ ತವರಾದ ಈಜಿಪ್ಟಿನಲ್ಲೇ ಆ ಗಿಡ ಒಮ್ಮೆ ಕಾಣೆಯಾಗುವ ಸ್ಥಿತಿಗೆ ಬಂದಿತ್ತು. ಅದು ಏಕೆ, ಹೇಗೆ ಎಂಬುದು ತಿಳಿದುಕೊಳ್ಳಬೇಕಾದ ಕಥೆ.

ಜೇಕಿನ ನೆಂಟ

ಈ ಗಿಡದ ಶಾಸ್ತ್ರೀಯ ಹೆಸರು ಸೈಪರಸ್ ಪಪೈರಸ್. ನಮ್ಮ ಹೊಲಗದ್ದೆಗಳಲ್ಲಿ ಎಷ್ಟು ಕಿತ್ತರೂ ಮತ್ತೆ ಮತ್ತೆ ಹುಟ್ಟಿ ರೈತನ ತಾಳ್ಮೆ ಪರೀಕ್ಷಿಸುವ ಜೇಕು ಇದೇ ಸೈಪರಸ್ ಕುಲಕ್ಕೆ ಸೇರಿದ್ದು. ಗ್ರಂಧಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಎಂದು ಸಿಗುವುದು ಆ ಜೇಕಿನ ಗಡ್ಡೆ. ಜೇಕಿನ ದಂಟನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿದವರಿಗೆ ಅದು ಹುಲ್ಲಿನಂತೆ ದುಂಡಗಿಲ್ಲದೆ ಮೂರು ಮೂಲೆಯುಳ್ಳದ್ದೆಂದು ತಿಳಿದಿರುತ್ತದೆ. ಪಪೈರಸ್ಸಿನ ದಂಟೂ ಅಂಥದೇ. ಆದರೆ ಗಾತ್ರದಲ್ಲಿ ಇದು ರಾಕ್ಷಸ. ನೀರಿನೊಳಗೆ ಅಡ್ಡಡ್ಡ ಹರಿಯುವ ಮಣಿಕಟ್ಟಿನ ದಪ್ಪದ ಬೇರುಕಾಂಡದಿಂದ ದಂಟುಗಳು ನೇರವಾಗಿ 4-5 ಮೀಟರ್ ಎತ್ತರಕ್ಕೆ ಏಳುತ್ತವೆ. ದಂಟಿನ ಮೈಮೇಲೆ ಎಲೆಯಿಲ್ಲ, ಗಿಣ್ಣಿಲ್ಲ. ತುದಿಯಲ್ಲಿ ಮಾತ್ರ ಹಸಿರು ದಾರಗಳ ಕುಚ್ಚು, ಬಿಚ್ಚಿದ ಕೊಡೆಯ ಹಾಗೆ. ಹೊರಗೆ ಹಸಿರು ಸಿಪ್ಪೆ, ಒಳಗೆ ಬಿಳಿಯ ಮೆದು ತಿರುಳು. ಗಿಣ್ಣಿಲ್ಲದ ಈ ಉದ್ದನೆಯ ತಿರುಳೇ ಮುಂದಿನ ಕಥೆಗೆಲ್ಲ ಆಧಾರ.

ಈಜಿಪ್ಟಿನವರು ಈ ಜೊಂಡನ್ನು ಬರೆಯಲು ಮಾತ್ರ ಬಳಸಲಿಲ್ಲ. ಮರ ಕಡಿಮೆ ಇದ್ದ ಆ ನಾಡಿನಲ್ಲಿ ಅದು ನಮ್ಮ ಕರಾವಳಿಗೆ ತೆಂಗು ಇದ್ದಂತೆ. ಕ್ರಿ.ಪೂ. 4ನೆಯ ಶತಮಾನದ ಗ್ರೀಕ್ ಸಸ್ಯಶಾಸ್ತ್ರಜ್ಞ ಥಿಯೊಫ್ರಾಸ್ಟಸ್ ಅದರ ಉಪಯೋಗಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ: ದೋಣಿ, ಹಾಯಿ, ಚಾಪೆ, ಹಗ್ಗ, ಉಡುವ ಬಟ್ಟೆ. ಬೇರು ಉರುವಲಿಗೂ ಆಗುತ್ತದೆ, ಕೆತ್ತಿ ಪಾತ್ರೆ ಪರಡಿ ಮಾಡಲೂ ಆಗುತ್ತದೆ. ಜನರು ಎಳೆಯ ದಂಟನ್ನು ಹಸಿಯಾಗಿ, ಬೇಯಿಸಿ, ಸುಟ್ಟು ಜಗಿದು ರಸ ಹೀರಿ ಜಗಟೆ ಉಗುಳುತ್ತಿದ್ದರಂತೆ; ಕಬ್ಬು ತಿನ್ನುವ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅದಕ್ಕೂ ಒಂದು ಶತಮಾನ ಹಿಂದಿನ ಹೆರೊಡೋಟಸ್, ಈಜಿಪ್ಟಿನ ಪುರೋಹಿತರು ಈ ಜೊಂಡಿನ ಪಾದರಕ್ಷೆಯನ್ನಷ್ಟೇ ಮೆಟ್ಟುತ್ತಿದ್ದರೆಂದು ಹೇಳುತ್ತಾನೆ. ಕ್ರಿ.ಪೂ. 480ರಲ್ಲಿ ಪರ್ಷಿಯದ ದೊರೆ ಕ್ಸರ್ಕ್ಸಿಸ್ ಏಷ್ಯಾದಿಂದ ಯೂರೋಪಿಗೆ ಸೈನ್ಯ ದಾಟಿಸಲು ದೋಣಿಗಳ ಸೇತುವೆ ಕಟ್ಟಿದಾಗ ಅವುಗಳನ್ನು ಬಿಗಿದ ಹಗ್ಗಗಳಲ್ಲಿ ಈಜಿಪ್ಟಿನ ಪಪೈರಸ್ ಹಗ್ಗಗಳೂ ಇದ್ದವು ಎಂದು ಬರೆದವನೂ ಅವನೇ.

ಜೊಂಡಿನ ದೋಣಿ ಎಂದರೆ ಹಳ್ಳದಲ್ಲಿ ತೇಲಿಬಿಡುವ ಆಟಿಕೆ ಎಂದು ತಿಳಿಯಬೇಕಾಗಿಲ್ಲ. ನಾರ್ವೆಯ ಸಾಹಸಿ ಥಾರ್ ಹೆಯೆರ್ಡಾಲ್ 1969ರಲ್ಲಿ ಇಂಥದೊಂದು ದೋಣಿಯಲ್ಲಿ ಅಟ್ಲಾಂಟಿಕ್ ದಾಟಲು ಹೊರಟು ವಿಫಲನಾದ. ಮರುವರ್ಷ, 1970ರಲ್ಲಿ, 'ರಾ 2' ಎಂಬ ಎರಡನೆಯ ಪಪೈರಸ್ ದೋಣಿಯಲ್ಲಿ ಮೊರಾಕೊದಿಂದ ಬಾರ್ಬಡಾಸ್ ದ್ವೀಪಕ್ಕೆ 57 ದಿನಗಳಲ್ಲಿ ಮುಟ್ಟಿದ. ಹಿಂದೆ ಈಜಿಪ್ಟಿನವರು ಅಮೆರಿಕಕ್ಕೆ ಹೋಗಿದ್ದರೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಜೊಂಡಿನ ಕಟ್ಟುಗಳು ಸಾಗರದ ಅಲೆಯನ್ನೂ ತಡೆದಾವು ಎಂಬುದಂತೂ ಸಿದ್ಧವಾಯಿತು.

ಇಷ್ಟೆಲ್ಲ ಕೊಟ್ಟ ಗಿಡ ಪೂಜ್ಯವಾದದ್ದರಲ್ಲಿ ಆಶ್ಚರ್ಯವಿಲ್ಲ. ನೈಲ್ ನದಿ ಕವಲೊಡೆದು ಸಮುದ್ರ ಸೇರುವ ಉತ್ತರದ ಸೀಮೆಗೆ ಪಪೈರಸ್ಸೇ ಲಾಂಛನ. ಈಜಿಪ್ಟಿನ ಚಿತ್ರಲಿಪಿಯಲ್ಲಿ ಪಪೈರಸ್ ದಂಟಿನ ಚಿತ್ರ ಬರೆದರೆ 'ಹಸಿರು', 'ತಾಜಾ' ಎಂದು ಅರ್ಥ. ಕಾರ್ನಾಕ್‌ನ ದೇವಾಲಯದ ಮಹಾಮಂಟಪದಲ್ಲಿ 134 ಕಂಬಗಳಿವೆ. ನಡುವಿನ 12 ಎತ್ತರದ ಕಂಬಗಳ ತಲೆ ಅರಳಿದ ಪಪೈರಸ್ ಕುಚ್ಚಿನಂತೆ, ಉಳಿದವುಗಳದು ಮೊಗ್ಗಿನಂತೆ. ಜಗತ್ತು ಹುಟ್ಟಿದ್ದೇ ಜೌಗಿನಿಂದ ಎಂದು ನಂಬಿದ ಜನ ಕಲ್ಲಿನಲ್ಲೂ ಜೌಗನ್ನೇ ಕಡೆದರು.

ದಂಟಿನಿಂದ ಹಾಳೆ

ಬರಹಕ್ಕೆ ಇದನ್ನು ಯಾವಾಗ ಬಳಸತೊಡಗಿದರು? ಸಕ್ಕಾರಾದಲ್ಲಿ ಹೆಮಾಕ ಎಂಬ ಅಧಿಕಾರಿಯ ಸಮಾಧಿ ಇದೆ. ಅವನು ಮೊದಲನೆಯ ರಾಜವಂಶದ ಕಾಲದವನು, ಎಂದರೆ ಸುಮಾರು 5000 ವರ್ಷಗಳ ಹಿಂದಿನವನು. ಆ ಸಮಾಧಿಯಲ್ಲಿ ಪಪೈರಸ್ಸಿನ ಸುರುಳಿಯೊಂದು ದೊರೆಯಿತು. ಅದರ ಮೇಲೆ ಒಂದಕ್ಷರವೂ ಇಲ್ಲ! ಪರಲೋಕದಲ್ಲಿ ಬರೆಯಲು ಬೇಕಾದೀತೆಂದು ಖಾಲಿ ಹಾಳೆ ಇಟ್ಟಿದ್ದರು ಎನ್ನಬೇಕು.

ಬರಹ ಇರುವ ಸುರುಳಿಗಳಲ್ಲಿ ಈವರೆಗೆ ಸಿಕ್ಕ ಅತಿ ಹಳೆಯವು ಕೆಂಪು ಸಮುದ್ರದ ದಂಡೆಯ ವಾದಿ ಅಲ್ ಜರ್ಫ್ ಎಂಬಲ್ಲಿ 2013ರಲ್ಲಿ ಬೆಳಕಿಗೆ ಬಂದವು. ಫ್ರಾನ್ಸಿನ ಪಿಯೆರ್ ಟಾಲೆ ಅವರ ತಂಡ ಕಂಡುಹಿಡಿದ ಈ ಹಾಳೆಗಳು ಗೀಜಾದ ಮಹಾ ಪಿರಮಿಡ್ಡನ್ನು ಕಟ್ಟಿಸಿದ ಖೂಫು ದೊರೆಯ ಕಾಲದವು. ಅವುಗಳಲ್ಲಿ ಮೆರೆರ್ ಎಂಬ ಮೇಲ್ವಿಚಾರಕನ ದಿನಚರಿಯಿದೆ. ಸುಮಾರು 40 ಆಳುಗಳೊಡನೆ ಅವನು ತೂರಾ ಗಣಿಯಿಂದ ಸುಣ್ಣಕಲ್ಲನ್ನು ದೋಣಿಗೆ ಹೇರಿ ನೈಲ್ ಮತ್ತು ಅದರ ಕಾಲುವೆಗಳ ಮೂಲಕ ಗೀಜಾಕ್ಕೆ ಸಾಗಿಸುತ್ತಿದ್ದ. ಇಂದು ಎಲ್ಲಿ ತಂಗಿದೆವು, ಎಷ್ಟು ಪಯಣ ಮಾಡಿದೆವು, ರೊಟ್ಟಿ ಧಾನ್ಯ ಎಷ್ಟು ಬಂತು ಎಂಬ ಲೆಕ್ಕ ಅದರಲ್ಲಿದೆ. ಪಿರಮಿಡ್ಡಿನ ಬಗ್ಗೆ ಸಾವಿರಾರು ಪುಸ್ತಕಗಳು ಬಂದಿವೆ, ಅನ್ಯಗ್ರಹದವರು ಕಟ್ಟಿದರೆಂಬ ಕಟ್ಟುಕಥೆಯವರೆಗೆ. ಅದನ್ನು ಕಟ್ಟುವಾಗ ಕಲ್ಲು ಹೊತ್ತವನೊಬ್ಬನ ಮಾತು ನಾಲ್ಕೂವರೆ ಸಾವಿರ ವರ್ಷಗಳ ಬಳಿಕ ನಮಗೆ ಕೇಳಿಸಿದ್ದು ಈ ಜೊಂಡಿನ ಹಾಳೆಯಿಂದ.

ಹಾಳೆ ಮಾಡುವ ಕ್ರಮವನ್ನು ಈಜಿಪ್ಟಿನವರು ಎಲ್ಲೂ ಬರೆದಿಡಲಿಲ್ಲ. ದಿನವೂ ಮಾಡುವ ಅನ್ನದ ಪಾಕವಿಧಾನವನ್ನು ಯಾರು ಬರೆಯುತ್ತಾರೆ? ನಮಗಿರುವ ವಿವರಣೆ ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮಿನ ಲೇಖಕ ಪ್ಲಿನಿಯದು. ದಂಟನ್ನು ಕತ್ತರಿಸಿ, ಸಿಪ್ಪೆ ತೆಗೆದು, ತಿರುಳನ್ನು ಉದ್ದುದ್ದ ತೆಳು ಪಟ್ಟಿಗಳಾಗಿ ಸೀಳಬೇಕು. ಪಟ್ಟಿಗಳನ್ನು ಒತ್ತೊತ್ತಾಗಿ ಒಂದು ಸಾಲು ಜೋಡಿಸಿ, ಅದರ ಮೇಲೆ ಅಡ್ಡಲಾಗಿ ಇನ್ನೊಂದು ಸಾಲು ಇಡಬೇಕು. ಒದ್ದೆ ಇರುವಾಗಲೇ ಒತ್ತಿ, ಬಿಸಿಲಿನಲ್ಲಿ ಒಣಗಿಸಿ, ನುಣುಪು ಮಾಡಬೇಕು. ನೈಲ್ ನದಿಯ ಕೆಸರು ನೀರೇ ಅಂಟಿನ ಕೆಲಸ ಮಾಡುತ್ತದೆ ಎಂದು ಪ್ಲಿನಿ ಬರೆದದ್ದು ಸರಿಯಲ್ಲ. ಹಸಿ ತಿರುಳಿನ ಪಟ್ಟಿಗಳನ್ನು ಬಲವಾಗಿ ಒತ್ತಿದರೆ ಅವು ತಮ್ಮಷ್ಟಕ್ಕೆ ಬೆಸೆದುಕೊಳ್ಳುತ್ತವೆ. ಬೇರೆ ಅಂಟು ಬೇಕಾಗುವುದಿಲ್ಲ. ಹೀಗೆ ಮಾಡಿದ ಹಾಳೆಗಳ ಅಂಚಿಗೆ ಅಂಚು ಅಂಟಿಸಿದರೆ ಸುರುಳಿ ಸಿದ್ಧ. ಒಂದು ಸುರುಳಿಗೆ 20 ಹಾಳೆಗಿಂತ ಹೆಚ್ಚು ಇರುತ್ತಿರಲಿಲ್ಲ ಎಂದು ಪ್ಲಿನಿ ಹೇಳುತ್ತಾನೆ. ಆದರೆ ಬೇಕಾದಾಗ ಸುರುಳಿಗೆ ಸುರುಳಿ ಸೇರಿಸಿ ಉದ್ದ ಮಾಡಬಹುದಾಗಿತ್ತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ 'ಹ್ಯಾರಿಸ್ ಪಪೈರಸ್' ಎಂಬ ಸುರುಳಿ ಸುಮಾರು 42 ಮೀಟರ್ ಉದ್ದವಿದೆ.

ಅಂಗಡಿಯಲ್ಲಿ ಹಾಳೆಗೆ ದರ್ಜೆಗಳೂ ಇದ್ದವು. ಅತ್ಯುತ್ತಮ ದರ್ಜೆಗೆ ಚಕ್ರವರ್ತಿ ಆಗಸ್ಟಸ್ಸನ ಹೆಸರು, ಎರಡನೆಯದಕ್ಕೆ ಅವನ ಹೆಂಡತಿ ಲಿವಿಯಾಳ ಹೆಸರು. ಕಟ್ಟಕಡೆಯ ದರ್ಜೆಯದು ಬರೆಯಲು ಬಾರದು. ವರ್ತಕರು ಸಾಮಾನು ಪೊಟ್ಟಣ ಕಟ್ಟಲು ಬಳಸುತ್ತಿದ್ದರು. ಪೇಪರಿನಲ್ಲಿ ಕಡಲೆ ಕಟ್ಟಿಕೊಡುವ ರೂಢಿ ಎರಡು ಸಾವಿರ ವರ್ಷ ಹಳೆಯದು ಎಂದಾಯಿತು.

ಬೆಳೆಗಾರರ ಲೆಕ್ಕಾಚಾರ

ಮೊದಮೊದಲು ಜೌಗಿನಲ್ಲಿ ತಾನಾಗಿ ಬೆಳೆದದ್ದನ್ನು ಕೊಯ್ದರೆ ಸಾಕಿತ್ತು. ಗ್ರೀಸ್, ರೋಮ್‌ಗಳ ಕಚೇರಿ, ಶಾಲೆ, ಗ್ರಂಥಾಲಯಗಳೆಲ್ಲ ಇದೇ ಹಾಳೆಯನ್ನು ಬೇಡತೊಡಗಿದ ಮೇಲೆ ಪಪೈರಸ್ ವ್ಯವಸಾಯವೇ ಆಯಿತು. ಜೌಗುಭೂಮಿಯನ್ನು ಗುತ್ತಿಗೆಗೆ ಕೊಡುವ ಪತ್ರಗಳು ಸಿಕ್ಕಿವೆ. ಕ್ರಿ.ಪೂ. 5ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಬರೆದ ಅಂಥದೊಂದು ಪತ್ರವನ್ನು ಓದಿದರೆ ನಮ್ಮ ಅಡಿಕೆ ತೋಟದ ಗೇಣಿ ಚೀಟಿ ನೆನಪಾಗುತ್ತದೆ. ಗುತ್ತಿಗೆದಾರ ತೋಟವನ್ನು ಚೆನ್ನಾಗಿ ನೋಡಿಕೊಳ್ಳಬೇಕು. ಅಕ್ಕಪಕ್ಕದ ಪಪೈರಸ್ ತೋಟಗಳಲ್ಲಿ ಆಳುಗಳಿಗೆ ಕೊಡುವುದಕ್ಕಿಂತ ಹೆಚ್ಚು ಕೂಲಿ ಕೊಡಕೂಡದು! ಈ ಕೊನೆಯ ಷರತ್ತಿನ ಹಿಂದಿನ ಒಳಸಂಚು ಸ್ಪಷ್ಟ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ದಂಟು ಕಿತ್ತು, ಹೊರೆ ಕಟ್ಟಿ, ಬೆನ್ನ ಮೇಲೆ ಹೊತ್ತು ತರುವವನಿಗೆ ಕೂಲಿ ಏರದಂತೆ ಮಾಲೀಕರು ಮೊದಲೇ ಮಾತಾಡಿಕೊಂಡಿದ್ದರು.

ಅದೇ ಕಾಲದ ಭೂಗೋಳಜ್ಞ ಸ್ಟ್ರೇಬೊ ಇನ್ನೊಂದು ವಿಷಯ ತಿಳಿಸುತ್ತಾನೆ. ಆದಾಯ ಹೆಚ್ಚಿಸಿಕೊಳ್ಳಬೇಕೆಂಬ ಕೆಲವರು ಪಪೈರಸ್ಸನ್ನು ಅನೇಕ ಕಡೆ ಬೆಳೆಯಲು ಬಿಡುತ್ತಿರಲಿಲ್ಲವಂತೆ. ಬೆಳೆ ಕಡಿಮೆಯಾದರೆ ಬೆಲೆ ಏರುತ್ತದೆ, ತಮಗೆ ಲಾಭ. ಆದರೆ ಸಾರ್ವಜನಿಕರ ಬಳಕೆಗೆ ನಷ್ಟ ಎಂದು ಅವನು ಸಿಟ್ಟಿನಿಂದಲೇ ಬರೆದಿದ್ದಾನೆ. ಕೃತಕ ಅಭಾವ ಎಂಬುದು ನಮ್ಮ ಕಾಲದ ದಾಸ್ತಾನುಕೋರರು ಕಂಡುಹಿಡಿದದ್ದಲ್ಲ. 'ಪಪೂರೋಸ್' ಎಂಬ ಹೆಸರೇ 'ದೊರೆಗೆ ಸೇರಿದ್ದು' ಎಂಬ ಅರ್ಥದ ಈಜಿಪ್ಟ್ ಮಾತಿನಿಂದ ಬಂದಿರಬೇಕೆಂದು ಕೆಲವು ವಿದ್ವಾಂಸರ ಊಹೆ.

ಒಂದೇ ನಾಡಿನ ಒಂದೇ ಬೆಳೆಯನ್ನು ನಂಬಿದರೆ ಏನಾಗುತ್ತದೆ ಎಂಬುದು ಚಕ್ರವರ್ತಿ ಟೈಬೀರಿಯಸ್ಸನ ಕಾಲದಲ್ಲಿ (ಕ್ರಿ.ಶ. 14-37) ರೋಮಿಗೆ ಅರಿವಾಯಿತು. ಬೆಳೆ ಕೈಕೊಟ್ಟು ಹಾಳೆಗೆ ಬರ ಬಂತು. ಹಂಚಿಕೆ ನೋಡಿಕೊಳ್ಳಲು ಸೆನೆಟ್ ಸಭೆ ಅಧಿಕಾರಿಗಳನ್ನು ನೇಮಿಸಬೇಕಾಯಿತು, ಇಲ್ಲದಿದ್ದರೆ ಜನಜೀವನವೇ ಅಸ್ತವ್ಯಸ್ತವಾಗುತ್ತಿತ್ತು ಎನ್ನುತ್ತಾನೆ ಪ್ಲಿನಿ. ಪಡಿತರ ಪದ್ಧತಿಯಲ್ಲಿ ಕಾಗದ!

ಅವನೇ ಹೇಳುವ ಇನ್ನೊಂದು ಕಥೆಯೂ ಪ್ರಸಿದ್ಧ. ಈಜಿಪ್ಟಿನ ಟಾಲೆಮಿ ದೊರೆಗೂ ಏಷ್ಯಾ ಮೈನರಿನ ಪೆರ್ಗಮಮ್ ದೊರೆ ಯೂಮೆನಿಸನಿಗೂ ಗ್ರಂಥಾಲಯದ ವಿಷಯದಲ್ಲಿ ಪೈಪೋಟಿ. ಟಾಲೆಮಿ ಪಪೈರಸ್ ರಫ್ತು ನಿಲ್ಲಿಸಿದ, ಪೆರ್ಗಮಮ್ಮಿನವರು ಹಟ ಬಿಡದೆ ಕುರಿ ಕರುಗಳ ತೊಗಲನ್ನು ಹದಮಾಡಿ ಬರೆದರು, ಅದೇ ಪಾರ್ಚ್‌ಮೆಂಟ್. ಇದನ್ನು ಅಕ್ಷರಶಃ ನಂಬುವಂತಿಲ್ಲ, ಏಕೆಂದರೆ ತೊಗಲಿನ ಮೇಲೆ ಬರೆಯುವುದು ಅದಕ್ಕೂ ಬಹಳ ಹಿಂದೆಯೇ ಇತ್ತು. ಆದರೆ ಪಾರ್ಚ್‌ಮೆಂಟ್ ಎಂಬ ಹೆಸರು ಪೆರ್ಗಮಮ್‌ನಿಂದ ಬಂದದ್ದು ನಿಜ. ಜೊಂಡು ಇದ್ದವನ ಕೈಯಲ್ಲಿ ವಿದ್ಯೆಯ ಬೀಗದ ಕೈ ಇತ್ತೆಂದು ಆ ಕಾಲದ ಜನ ನಂಬಿದ್ದರು ಎಂಬುದೂ ಈ ಕಥೆಯಿಂದ ತಿಳಿಯುತ್ತದೆ.

ತವರಿನಲ್ಲೇ ಕಾಣೆ

ಪಪೈರಸ್ಸಿಗೆ ಒಣಹವೆ ಒಗ್ಗುತ್ತದೆ, ತೇವ ಶತ್ರು. ಯೂರೋಪಿನ ಥಂಡಿಯಲ್ಲಿ ಅದು ಬೂಸ್ಟು ಹಿಡಿದು ಪುಡಿಯಾಗುತ್ತಿತ್ತು. ನಮ್ಮ ತಾಳೆಗರಿಯಂತೆಯೇ ಮತ್ತೆ ಮತ್ತೆ ಪ್ರತಿ ಮಾಡಿಸದಿದ್ದರೆ ಗ್ರಂಥ ನಾಶ. ಗ್ರೀಕ್, ಲ್ಯಾಟಿನ್ ಸಾಹಿತ್ಯದ ಬಹುಭಾಗ ನಮಗಿಂದು ದಕ್ಕದೆ ಹೋದದ್ದಕ್ಕೆ ಬೆಂಕಿ, ಯುದ್ಧಗಳಷ್ಟೇ ಕಾರಣವಲ್ಲ. ಪ್ರತಿ ಮಾಡುವವರಿಲ್ಲದೆ ಕೊಳೆತುಹೋದದ್ದೂ ಕಾರಣ. ಬಾಳಿಕೆ ಬರುವ, ಎರಡೂ ಬದಿ ಬರೆಯಬಹುದಾದ, ಹೊಲಿದು ಪುಸ್ತಕ ಕಟ್ಟಬಹುದಾದ ತೊಗಲು ಯೂರೋಪಿನಲ್ಲಿ ನಿಧಾನವಾಗಿ ಮೇಲುಗೈ ಪಡೆಯಿತು. ಆದರೂ ರೂಢಿ ಬಿಡದ ಪೋಪರ ಕಚೇರಿ 11ನೆಯ ಶತಮಾನದವರೆಗೂ ತನ್ನ ಶಾಸನಗಳನ್ನು ಪಪೈರಸ್ಸಿನ ಮೇಲೆ ಬರೆಸುತ್ತಿತ್ತು.

ಕೊನೆಯ ಪೆಟ್ಟು ಬಿದ್ದದ್ದು ಪೂರ್ವದಿಂದ. 8ನೆಯ ಶತಮಾನದಲ್ಲಿ ಚೀನೀಯರ ಕಾಗದ ವಿದ್ಯೆ ಸಮರ್‌ಕಂದದ ಮೂಲಕ ಅರಬರಿಗೆ ಬಂತು. ಆ ಶತಮಾನ ಮುಗಿಯುವಷ್ಟರಲ್ಲಿ ಬಾಗ್ದಾದಿನಲ್ಲಿ ಕಾಗದ ತಯಾರಾಗುತ್ತಿತ್ತು. ಹಳೆಯ ಚಿಂದಿ ಬಟ್ಟೆ ಎಲ್ಲೆಡೆ ಸಿಗುತ್ತದೆ. ಅದಕ್ಕೆ ನೈಲ್ ನದಿ ಬೇಕಿಲ್ಲ. 9ನೆಯ ಶತಮಾನದ ಕೊನೆಯಲ್ಲಿ ಈಜಿಪ್ಟಿನಲ್ಲಿ ಬರೆದ ಅರಬ್ಬಿ ಪತ್ರವೊಂದರಲ್ಲಿ, ಕಾಗದವಿಲ್ಲದೆ ಪಪೈರಸ್ಸಿನ ಮೇಲೆ ಬರೆದದ್ದಕ್ಕೆ ಬರೆದವನು ಕ್ಷಮೆ ಕೇಳಿದ್ದಾನೆ. ಮೂರು ಸಾವಿರ ವರ್ಷ ದೊರೆಗಳ ಆಜ್ಞೆ ಹೊತ್ತ ಹಾಳೆ ಹೀಗೆ ಬಡತನದ ಗುರುತಾಯಿತು. 10ನೆಯ ಶತಮಾನದಲ್ಲಿ ಈಜಿಪ್ಟಿನಲ್ಲೇ ಕಾಗದ ಗೆದ್ದಿತು.

ಆಮೇಲೆ ನಡೆದದ್ದು ಗಮನಿಸತಕ್ಕದ್ದು. ಹಾಳೆಗೆ ಬೇಡಿಕೆ ಹೋದದ್ದೇ ತಡ, ಗಿಡವನ್ನು ನೋಡಿಕೊಳ್ಳುವವರು ಹೋದರು. ನದೀಮುಖದ ಜೌಗುಗಳನ್ನು ಬಸಿದು ಹೊಲಗದ್ದೆ ಮಾಡಿದರು. ಬೆಲೆಯಿದ್ದಷ್ಟು ದಿನ ಜೌಗು ತೋಟವಾಗಿತ್ತು. ಬೆಲೆ ಹೋದ ಮರುದಿನ ಅದು 'ಹಾಳು ಭೂಮಿ'. 19ನೆಯ ಶತಮಾನದ ಹೊತ್ತಿಗೆ ಕಾರ್ನಾಕ್‌ನ ಕಲ್ಲಿನ ಕಂಬದಲ್ಲಿ ಪಪೈರಸ್ ನೋಡಬಹುದಾಗಿತ್ತು. ಈಜಿಪ್ಟಿನ ನೀರಿನಲ್ಲಿ ಅದನ್ನು ಕಾಣುವುದೇ ಕಷ್ಟವಾಗಿತ್ತು. ಸಿಸಿಲಿಯ ಸಿರಾಕ್ಯೂಸ್ ಬಳಿಯ ಚಿಯಾನೆ ಹೊಳೆಯಲ್ಲಿ, ಸುಡಾನ್, ಇಥಿಯೋಪಿಯ, ಉಗಾಂಡಗಳ ಜೌಗುಗಳಲ್ಲಿ ಅದು ಉಳಿದುಕೊಂಡಿತು.

ಅದನ್ನು ತವರಿಗೆ ಮರಳಿ ತಂದವರು ಹಸನ್ ರಗಬ್ ಎಂಬ ಎಂಜಿನಿಯರ್. ಅವರು ಚೀನಾದಲ್ಲಿ ಈಜಿಪ್ಟಿನ ರಾಯಭಾರಿಯಾಗಿದ್ದಾಗ ಅಲ್ಲಿ ಕೈಕಾಗದ ಮಾಡುವುದನ್ನು ಕಂಡರು. ನಮ್ಮ ಪಪೈರಸ್ ಏನಾಯಿತೆಂಬ ಯೋಚನೆ ಹತ್ತಿತು. 1960ರ ದಶಕದಲ್ಲಿ ಸುಡಾನಿನಿಂದ ಗಿಡ ತರಿಸಿ ಕೈರೋ ಬಳಿ ನೈಲ್ ನದಿಯಲ್ಲಿ ಬೆಳೆಸಿ, ಪ್ರಯೋಗದ ಮೇಲೆ ಪ್ರಯೋಗ ಮಾಡಿ ಹಾಳೆಯ ವಿದ್ಯೆಯನ್ನು ಹೊಸದಾಗಿ ಕಂಡುಕೊಂಡರು. 1979ರಲ್ಲಿ ಇದೇ ವಿಷಯಕ್ಕೆ ಫ್ರಾನ್ಸಿನಲ್ಲಿ ಡಾಕ್ಟರೇಟ್ ಪಡೆದರು. ಇಂದು ಪ್ರವಾಸಿಗಳು ಕೈರೋದಿಂದ ತರುವ ಪಪೈರಸ್ ಚಿತ್ರಗಳು ಆ ಪ್ರಯತ್ನದ ಫಲ. ಅವುಗಳಲ್ಲಿ ಬಾಳೆಯ ನಾರಿನಿಂದ ಮಾಡಿದ ನಕಲಿಯೂ ಧಾರಾಳವಾಗಿದೆ ಎಂಬುದು ಬೇರೆ ಮಾತು.

ತಿಪ್ಪೆಯ ನಿಧಿ

ದೊರೆಗಳ ಗ್ರಂಥಾಲಯಗಳು ನಾಶವಾದವು, ಉಳಿದದ್ದು ತಿಪ್ಪೆ. ಇಂಗ್ಲೆಂಡಿನ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ತರುಣ ವಿದ್ವಾಂಸರು 1896-97ರ ಚಳಿಗಾಲದಲ್ಲಿ ಆಕ್ಸಿರಿಂಕಸ್ ಎಂಬ ಹಾಳೂರಿನ ಕಸದ ದಿಬ್ಬಗಳನ್ನು ಅಗೆಯತೊಡಗಿದರು. ಮಳೆ ಬೀಳದ, ನೈಲ್ ನದಿಯ ನೆರೆ ಮುಟ್ಟದ ಆ ಮರಳಿನಲ್ಲಿ ನೂರಾರು ವರ್ಷ ಜನ ಎಸೆದ ಹಾಳೆಗಳು ಹಾಗೇ ಉಳಿದಿದ್ದವು. ಸಿಕ್ಕ ತುಣುಕುಗಳು ಸುಮಾರು ಐದು ಲಕ್ಷ. ತೆರಿಗೆ ರಸೀದಿ, ಸಾಲಪತ್ರ, ಮದುವೆಯ ಕರೆಯೋಲೆ, ಮಗ ತಂದೆಗೆ ಬರೆದ ದೂರು. ಅವುಗಳ ನಡುನಡುವೆ ಕಳೆದುಹೋದವೆಂದು ತಿಳಿದಿದ್ದ ಕಾವ್ಯ ನಾಟಕಗಳು. 1898ರಿಂದ ಸಂಪುಟದ ಮೇಲೆ ಸಂಪುಟ ಪ್ರಕಟವಾಗುತ್ತಿದ್ದು ಸಂಖ್ಯೆ 80 ದಾಟಿದೆ, ಕೆಲಸ ಮುಗಿದಿಲ್ಲ.

1900ರ ಜನವರಿಯಲ್ಲಿ ಇದೇ ಇಬ್ಬರು ಟೆಬ್ಟುನಿಸ್ ಎಂಬಲ್ಲಿ ಅಗೆಯುವಾಗ ಮೊಸಳೆಗಳ ಮಮ್ಮಿಗಳೇ ಮಮ್ಮಿಗಳು ಸಿಕ್ಕವು. ಮನುಷ್ಯರ ಸಮಾಧಿ ಹುಡುಕುತ್ತಿದ್ದ ಕೆಲಸದಾಳು ಬೇಸತ್ತು ಒಂದು ಮೊಸಳೆಯನ್ನು ಒಡೆದರೆ ಅದರ ತುಂಬ ಬರೆದ ಹಾಳೆಗಳು. ರದ್ದಿಯಾದ ಹಳೆಯ ದಫ್ತರವನ್ನೇ ಮಮ್ಮಿಗೆ ಸುತ್ತಿದ್ದರು! ಅಥೆನ್ಸಿನ ಸಂವಿಧಾನವನ್ನು ಕುರಿತ ಅರಿಸ್ಟಾಟಲನ ಗ್ರಂಥ ಜಗತ್ತಿಗೆ ಮರಳಿ ದೊರೆತದ್ದೂ ಹೀಗೆ ರದ್ದಿಯಿಂದಲೇ. ಯಾವುದೋ ಜಮೀನಿನ ಜಮಾಖರ್ಚಿನ ಹಾಳೆಗಳ ಹಿಂಬದಿಯಲ್ಲಿ ಅದನ್ನು ನಕಲು ಮಾಡಿದ್ದರು. 1891ರಲ್ಲಿ ಅದು ಅಚ್ಚಾಯಿತು.

ಆಕ್ಸಿರಿಂಕಸ್ಸಿನ ತಿಪ್ಪೆಗೂ ಕನ್ನಡಕ್ಕೂ ಒಂದು ನಂಟಿದೆ. 1903ರಲ್ಲಿ ಪ್ರಕಟವಾದ 413ನೆಯ ಸಂಖ್ಯೆಯ ಪಪೈರಸ್ ಒಂದು ಗ್ರೀಕ್ ಪ್ರಹಸನ. ಹಾಳೆ ಕ್ರಿ.ಶ. 2ನೆಯ ಶತಮಾನದ್ದು. ಖಾರಿಟಿಯೋನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲ ತೀರದ ದೊರೆಯೊಬ್ಬನ ಸೆರೆಯಲ್ಲಿದ್ದಾಳೆ. ಅವಳ ಅಣ್ಣ ಸಂಗಡಿಗರೊಡನೆ ಹಡಗಿನಲ್ಲಿ ಬಂದು, ದೊರೆಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಕಟ್ಟಿಹಾಕಿ, ತಂಗಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ದೊರೆ ಮತ್ತು ಅವನ ಪರಿವಾರ ಆಡುವ ಮಾತುಗಳು ಗ್ರೀಕ್ ಅಲ್ಲ. ಅವು ಕನ್ನಡ ಇರಬಹುದೆಂದು 1904ರಲ್ಲಿ ಮೊದಲು ಸೂಚಿಸಿದವರು ಜರ್ಮನಿಯ ಶಾಸನತಜ್ಞ ಹುಲ್ಟ್‌ಜ್. ಆಮೇಲೆ ಆರ್. ಶಾಮಾಶಾಸ್ತ್ರಿ, ಮಂಜೇಶ್ವರ ಗೋವಿಂದ ಪೈ ಮೊದಲಾದವರು ಆ ಜಾಡು ಹಿಡಿದರು. ಗೋವಿಂದ ಪೈಗಳು ಅಲ್ಲಿ ಮಲ್ಪೆಯನ್ನು ಕಂಡರು. ಅದು ತುಳು ಎಂದು ವಾದಿಸಿದವರೂ ಇದ್ದಾರೆ. 1926ರಲ್ಲಿ ಎಲ್.ಡಿ. ಬಾರ್ನೆಟ್ ಎಂಬ ವಿದ್ವಾಂಸ ಇವು ಕನ್ನಡ ಎಂಬುದನ್ನು ಒಪ್ಪಲಿಲ್ಲ. ಪ್ರೇಕ್ಷಕರನ್ನು ನಗಿಸಲು ನಟರು ಬಡಬಡಿಸಿದ ಅರ್ಥವಿಲ್ಲದ ಸದ್ದುಗಳಿರಬಹುದು ಎಂಬ ಅಭಿಪ್ರಾಯವೂ ಇದೆ. ಚರ್ಚೆ ತೀರ್ಮಾನವಾಗಿಲ್ಲ. ಕನ್ನಡವೇ ಆದರೆ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನಕ್ಕಿಂತ ಎರಡು ಮೂರು ಶತಮಾನ ಮೊದಲೇ ನಮ್ಮ ಮಾತು ನೈಲ್ ತೀರದ ಜೊಂಡಿನ ಮೇಲೆ, ಗ್ರೀಕ್ ಲಿಪಿಯಲ್ಲಿ, ಮೂಡಿತ್ತು ಎಂದಾಗುತ್ತದೆ.

ಆ ಮಾತು ಯಾವುದೇ ಇರಲಿ, ಆ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಗೂ ಈಜಿಪ್ಟಿಗೂ ಗಾಢ ವ್ಯಾಪಾರವಿದ್ದದ್ದು ನಿಸ್ಸಂಶಯ. ಇದಕ್ಕೂ ಪಪೈರಸ್ಸೇ ಸಾಕ್ಷಿ. ವಿಯೆನ್ನಾದಲ್ಲಿರುವ, 1985ರಲ್ಲಿ ಪ್ರಕಟವಾದ 2ನೆಯ ಶತಮಾನದ ಒಂದು ಹಾಳೆಯಲ್ಲಿ ಕೇರಳದ ಮುಜಿರಿಸ್ ಬಂದರಿನ ವ್ಯಾಪಾರಕ್ಕೆ ಮಾಡಿದ ಸಾಲದ ಒಪ್ಪಂದವಿದೆ. ಹಿಂಬದಿಯಲ್ಲಿ ಹೆರ್ಮಪೊಲ್ಲೋನ್ ಎಂಬ ಹಡಗಿನ ಸರಕಿನ ಲೆಕ್ಕ: ಗಂಗಾ ತೀರದ ಜಟಾಮಾಂಸಿ, ಆನೆಯ ದಂತ ಇತ್ಯಾದಿ.

ಸುಟ್ಟು ಇದ್ದಿಲಾದ ಪಪೈರಸ್ಸೂ ಈಗ ಮಾತಾಡತೊಡಗಿದೆ. ಕ್ರಿ.ಶ. 79ರಲ್ಲಿ, ಪ್ಲಿನಿಯನ್ನೂ ಬಲಿ ತೆಗೆದುಕೊಂಡ ವೆಸೂವಿಯಸ್ ಜ್ವಾಲಾಮುಖಿ, ಹರ್ಕ್ಯುಲೇನಿಯಮ್ ಪಟ್ಟಣದ ಒಂದು ಗ್ರಂಥಾಲಯವನ್ನು ಹೂತುಹಾಕಿತು. 1752ರಲ್ಲಿ ಅಗೆದಾಗ ಸಿಕ್ಕ ಸುರುಳಿಗಳು ಮುಟ್ಟಿದರೆ ಪುಡಿಯಾಗುವ ಇದ್ದಿಲ ಕೊರಡುಗಳು. ಅವುಗಳನ್ನು ಬಿಚ್ಚದೆಯೇ ಎಕ್ಸ್-ರೇ ಮತ್ತು ಕಂಪ್ಯೂಟರಿನ ನೆರವಿನಿಂದ ಓದುವ ಪ್ರಯತ್ನದಲ್ಲಿ 2023ರಲ್ಲಿ ಒಂದು ಪದ ಹೊರಬಂತು, ನೇರಳೆ ಬಣ್ಣವನ್ನು ಸೂಚಿಸುವ ಗ್ರೀಕ್ ಪದ. 2024ರ ಆರಂಭದಲ್ಲಿ ಮೂವರು ವಿದ್ಯಾರ್ಥಿಗಳು ಸುಮಾರು 2000 ಅಕ್ಷರಗಳನ್ನು ಓದಿ ಬಹುಮಾನ ಪಡೆದರು.

ಜೌಗಿನ ಬೆಲೆ

ಪಪೈರಸ್ ನಮ್ಮ ನಾಡಿನ ಬೆಳೆಯಲ್ಲ. ನಮಗೆ ತಾಳೆಗರಿ ಇತ್ತು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲು ಬಳಿದು ಮಾಡಿದ ಕಡತ ಇತ್ತು. ಪ್ರತಿ ನಾಡೂ ತನ್ನ ಸುತ್ತ ಬೆಳೆಯುವುದರ ಮೇಲೆ ಬರೆಯಿತು. ಆದರೆ ಪಪೈರಸ್ ಕಲಿಸುವ ಪಾಠ ನಮಗೂ ಸಲ್ಲುತ್ತದೆ. ಆಫ್ರಿಕದಲ್ಲಿ ಈ ಜೊಂಡಿನ ಜೀವನ ಇನ್ನೂ ಮುಗಿದಿಲ್ಲ. ಇಥಿಯೋಪಿಯದ ತಾನಾ ಸರೋವರದಲ್ಲಿ ಬೆಸ್ತರು ಇಂದಿಗೂ ಪಪೈರಸ್ ತೆಪ್ಪ ಕಟ್ಟುತ್ತಾರೆ. ಉಗಾಂಡದಲ್ಲಿ ಅದರಿಂದ ಚಾಪೆ ಹೆಣೆಯುತ್ತಾರೆ, ಮಾಡು ಹೊದಿಸುತ್ತಾರೆ. ಆ ದೇಶದ ರಾಜಧಾನಿ ಕಂಪಾಲಾದ ಕೊಳಕು ನೀರು ವಿಕ್ಟೋರಿಯಾ ಸರೋವರಕ್ಕೆ ಸೇರುವ ಮೊದಲು ನಕಿವುಬೊ ಎಂಬ ಜೌಗಿನ ಮೂಲಕ ಹಾಯುತ್ತದೆ. ಅಲ್ಲಿನ ಪಪೈರಸ್ ಮತ್ತು ಇತರ ಸಸ್ಯಗಳು ಆ ನೀರಿನ ಮಲಿನವನ್ನು ಒಂದು ಮಟ್ಟಿಗೆ ಹೀರಿಕೊಂಡು ಶುದ್ಧೀಕರಣ ಘಟಕದ ಕೆಲಸ ಮಾಡುತ್ತವೆ. ಅದೇ ಸರೋವರದಿಂದ ನಗರಕ್ಕೆ ಕುಡಿಯುವ ನೀರೂ ಬರುತ್ತದೆ. ಆದರೂ ಆ ಜೌಗನ್ನು ಕಟ್ಟಡ, ಕೃಷಿಗಳು ವರ್ಷವರ್ಷ ನುಂಗುತ್ತಿವೆ.

ನಮ್ಮ ಕೆರೆಗಳ ಅಂಚಿನ ಜೊಂಡು, ಆಪು, ಜೇಕುಗಳನ್ನು ನಾವೂ ಕೊಳೆ ಎಂದೇ ಎಣಿಸಿದ್ದೇವೆ. ಕೆರೆ 'ಅಭಿವೃದ್ಧಿ' ಎಂದರೆ ಮೊದಲು ಅವನ್ನು ಬೋಳಿಸಿ ಸುತ್ತ ಕಲ್ಲು ಕಟ್ಟುವುದು. ಬೆಂಗಳೂರಿನ ಜಕ್ಕೂರು ಕೆರೆಯಂಥ ಕಡೆ ಸಂಸ್ಕರಿಸಿದ ನೀರನ್ನು ಬೇಕೆಂದೇ ಜೊಂಡಿನ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಏರ್ಪಾಡಾದದ್ದು ಈಚಿನ ವಿವೇಕ. ಈಜಿಪ್ಟಿನವರು ಜೌಗಿನ ಬೆಲೆಯನ್ನು ಹಾಳೆಯ ಬೆಲೆಯಲ್ಲಿ ಅಳೆದರು. ಹಾಳೆ ಬಿದ್ದಾಗ ಜೌಗೂ ಬಿತ್ತು, ಗಿಡವನ್ನು ಮತ್ತೆ ಬೆಳೆಸಲು ಸುಡಾನಿನಿಂದ ತರಿಸಬೇಕಾಯಿತು. ನಮ್ಮ ಕೆರೆಯಂಚಿನ ಜೊಂಡಿಗೆ ಪೇಟೆಯಲ್ಲಿ ಬೆಲೆಯಿಲ್ಲ ನಿಜ. ಆದರೆ ಅದು ಸೋಸಿಕೊಡುವ ನೀರಿಗೆ, ಅದರಲ್ಲಿ ಗೂಡು ಕಟ್ಟುವ ಹಕ್ಕಿಗೆ, ಮರಿ ಹಾಕುವ ಮೀನಿಗೆ ಬೆಲೆಯಿದೆ. ಬೋಳಿಸುವ ಮೊದಲು ಅದನ್ನು ಲೆಕ್ಕ ಹಾಕುವುದು ಒಳ್ಳೆಯದು.